ನೋವು ಹೋಯ್ತು, ಕಾಲು ಇನ್ನೂ ಬಂದಿಲ್ಲ

ಆಪರೇಷನ್ ಆದವರನ್ನು ನೋಡಲು ಹೋದಾಗ ನಾವೆಲ್ಲ ಕೇಳುವ ಮೊದಲ ಪ್ರಶ್ನೆ, ‘ನೋವು ಹೇಗಿದೆ ಈಗ?’ ಕಡಿಮೆ ಆಗಿದೆ ಅಂದರೆ ನಮಗೂ ಸಮಾಧಾನ. ಮೂಸಂಬಿ ಕವರ್ ಟೇಬಲ್ ಮೇಲಿಟ್ಟು, ‘ಇನ್ನೇನು ಬಿಡಿ, ಎದ್ದು ಓಡಾಡ್ತೀರ’ ಅಂತ ಹೇಳಿ ಬರುತ್ತೇವೆ. ಜ್ವರಕ್ಕೆ, ಹಲ್ಲು ಕೀಳಿಸಿದ್ದಕ್ಕೆ ಈ ಲೆಕ್ಕ ಸರಿ. ತೊಡೆಯ ಸ್ನಾಯುರಜ್ಜು ಹರಿದು, ಹೊಲಿಸಿಕೊಂಡು ಬಂದವರ ವಿಷಯದಲ್ಲಿ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಅಲ್ಲಿ ನೋವು ಬೇಗ ಹೊರಟುಹೋಗುತ್ತದೆ, ಬಲ ಬರುವುದು ಬಹಳ ತಡ. ನಡುವಿನ ತಿಂಗಳುಗಳಲ್ಲೇ ಅಪಾಯ ಇರುವುದು.

ನಮ್ಮ ಮನೆಗೆ ಈ ಪಾಠ ಹೇಳಿದ್ದು ನಮ್ಮಣ್ಣನ ಬಲಗಾಲು.

ಒಂದು ಮೆಟ್ಟಿಲು ಬಾಕಿ ಇತ್ತು

ಅಣ್ಣನಿಗೆ 43 ವರ್ಷ. ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಲಿಫ್ಟ್ ಇಲ್ಲ. ಹೋದ ಜುಲೈನಲ್ಲಿ ಒಂದು ರಾತ್ರಿ ಮಳೆ ಬಂದು ಕರೆಂಟ್ ಹೋಗಿತ್ತು. ಗೇಟಿನ ಹತ್ತಿರ ನಿಂತಿದ್ದ ಡೆಲಿವರಿ ಹುಡುಗನಿಂದ ಊಟ ತರೋಣ ಅಂತ ಇಳಿಯುತ್ತಿದ್ದ. ಮೆಟ್ಟಿಲು ಮುಗಿಯಿತು ಅಂದುಕೊಂಡು ಹೆಜ್ಜೆ ಇಟ್ಟರೆ ಇನ್ನೂ ಒಂದು ಬಾಕಿ ಇತ್ತು. ಮಂಡಿ ಮಡಚಿಕೊಳ್ಳುತ್ತಿದೆ, ಬೀಳದ ಹಾಗೆ ತೊಡೆ ಅದನ್ನು ಬಿಗಿಯಾಗಿ ಎಳೆದು ನಿಲ್ಲಿಸಲು ನೋಡುತ್ತಿದೆ. ಆ ಎಳೆದಾಟದಲ್ಲಿ ‘ಟಪ್’ ಅಂತ ಸದ್ದು. ಎದ್ದು ನಿಲ್ಲಲು ಹೋದರೆ ಕಾಲು ಕುಸಿಯಿತು.

ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳ ಗುಂಪಿದೆ, ಹೆಸರು ಕ್ವಾಡ್ರಿಸೆಪ್ಸ್. ನಾಲ್ಕೂ ಕೆಳಗೆ ಬಂದು ಒಂದು ದಪ್ಪ ಹಗ್ಗದ ಹಾಗೆ ಸೇರಿ ಮಂಡಿಚಿಪ್ಪಿನ ಮೇಲಂಚನ್ನು ಹಿಡಿದುಕೊಂಡಿರುತ್ತವೆ. ಆ ಹಗ್ಗವೇ ಸ್ನಾಯುರಜ್ಜು. ಆಸ್ಪತ್ರೆಯಲ್ಲಿ ಎಲ್ಲರೂ ಟೆಂಡನ್ ಅನ್ನುತ್ತಾರೆ. ಮಡಚಿದ ಮಂಡಿಯನ್ನು ನೆಟ್ಟಗೆ ಮಾಡುವುದು, ಕುರ್ಚಿಯಿಂದ ಏಳುವುದು, ಮೆಟ್ಟಿಲು ಇಳಿಯುವಾಗ ಮೈಭಾರ ತಡೆಯುವುದು ಎಲ್ಲ ಇದರಿಂದಲೇ. ಹಗ್ಗ ಕಡಿದ ಮೇಲೆ ರಾಟೆ ಎಷ್ಟು ತಿರುಗಿದರೂ ಕೊಡ ಮೇಲೆ ಬರುವುದಿಲ್ಲವಲ್ಲ, ಹಾಗೆ.

ಇದು ಹೆಚ್ಚಾಗಿ ನಲವತ್ತು ದಾಟಿದವರಿಗೆ, ಅದರಲ್ಲೂ ಗಂಡಸರಿಗೆ ಆಗುವ ಪೆಟ್ಟು. ದೊಡ್ಡ ಅಪಘಾತವೇ ಆಗಬೇಕೆಂದಿಲ್ಲ. 1997ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಅವರಿಗೂ ಹೀಗೇ ಆಯಿತು. ಫ್ಲಾರಿಡಾದಲ್ಲಿ ಗಾಲ್ಫ್ ಆಟಗಾರ ಗ್ರೆಗ್ ನಾರ್ಮನ್ ಮನೆಯಲ್ಲಿ ಮೆಟ್ಟಿಲು ತಪ್ಪಿ ಬಲಗಾಲಿನ ಇದೇ ಟೆಂಡನ್ ಹರಿಯಿತು. ಆಗ ಅವರಿಗೆ 50 ವರ್ಷ. ವಾರದೊಳಗೆ ರಷ್ಯಾದ ಯೆಲ್ಸಿನ್ ಜೊತೆ ಮಾತುಕತೆಗೆಂದು ಹೆಲ್ಸಿಂಕಿಗೆ ಹೋದರು, ಗಾಲಿಕುರ್ಚಿಯಲ್ಲಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಗೌಟ್ ಇರುವವರಿಗೆ, ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡವರಿಗೆ ಟೆಂಡನ್ ಮೊದಲೇ ದುರ್ಬಲವಾಗಿರಬಹುದು. ಅಣ್ಣನಿಗೆ ಮೂರು ವರ್ಷದಿಂದ ಶುಗರ್ ಇದೆ.

ಹಾಸಿಗೆ ಮೇಲಿನ ಸಣ್ಣ ಪರೀಕ್ಷೆ

ಮೊದಲು ತೋರಿಸಿದ ಕ್ಲಿನಿಕ್‌ನಲ್ಲಿ ಎಕ್ಸ್-ರೇ ತೆಗೆದು, ‘ಮೂಳೆ ಸರಿಯಾಗಿದೆ, ಉಳುಕಿದೆ ಅಷ್ಟೆ, ಐಸ್ ಇಡಿ’ ಅಂದರು. ಮೂಳೆ ನಿಜಕ್ಕೂ ಸರಿಯಾಗಿತ್ತು. ಆದರೆ ಟೆಂಡನ್ ಹರಿದದ್ದು ಎಕ್ಸ್-ರೇಯಲ್ಲಿ ನೇರವಾಗಿ ಕಾಣುವುದಿಲ್ಲ. ನಾಲ್ಕು ದಿನ ಐಸ್ ಇಟ್ಟದ್ದೇ ಆಯಿತು. ಕೆಳಗಿನ ಮನೆಯವರು ನಾಟಿ ಕಟ್ಟು ಹಾಕಿಸಿ ಅಂದರು. ಅಮ್ಮ ಊರಿಂದ ಹರಳೆಣ್ಣೆ ಸೀಸೆ ಹಿಡಿದು ಬಂದಳು.

ಐದನೇ ದಿನ ಅತ್ತಿಗೆ ಹಟ ಹಿಡಿದು ಮೂಳೆ ತಜ್ಞರ ಹತ್ತಿರ ಕರೆದುಕೊಂಡು ಹೋದರು. ಆ ಡಾಕ್ಟರ್ ಮಲಗಿಸಿ ಒಂದೇ ಮಾತು ಹೇಳಿದರು: ‘ಮಂಡಿ ಮಡಚದೆ ಕಾಲನ್ನ ಹಾಸಿಗೆಯಿಂದ ಮೇಲೆ ಎತ್ತಿ.’ ಅಣ್ಣ ಬೆವೆತುಹೋದ, ಹಿಮ್ಮಡಿ ಒಂದು ಇಂಚೂ ಮೇಲೆ ಬರಲಿಲ್ಲ. ಮಂಡಿಚಿಪ್ಪಿನ ಮೇಲೆ ಬೆರಳಿಟ್ಟು ನೋಡಿದರೆ ಒಂದು ಗುಳಿ. ಟೆಂಡನ್ ಇರಬೇಕಾದ ಜಾಗ ಖಾಲಿ. ಎಂಆರ್‌ಐ ಅದನ್ನೇ ಖಚಿತ ಮಾಡಿತು.

ಅರ್ಧಂಬರ್ಧ ಹರಿದಿದ್ದರೆ ಕೆಲವೊಮ್ಮೆ ಬ್ರೇಸ್ ಹಾಕಿ ಕಾಲನ್ನು ನೆಟ್ಟಗಿಟ್ಟೇ ವಾಸಿ ಮಾಡುತ್ತಾರೆ. ಪೂರ್ತಿ ಹರಿದರೆ ಹೊಲಿಯಲೇಬೇಕು, ಅದೂ ಎರಡು-ಮೂರು ವಾರದೊಳಗೆ ಆದರೆ ಒಳ್ಳೆಯದು. ತಡವಾದಷ್ಟೂ ಹರಿದ ತುದಿ ತೊಡೆಯ ಕಡೆ ಮೇಲಕ್ಕೆ ಸರಿದು ಕುಗ್ಗಿಕೊಳ್ಳುತ್ತದೆ, ಎಳೆದು ತಂದು ಜೋಡಿಸುವುದು ಕಷ್ಟ. ಹೊರಗಿನಿಂದ ಎಷ್ಟು ಬಿಗಿ ಕಟ್ಟು ಹಾಕಿದರೂ ಆ ತುದಿ ಕೆಳಗೆ ಬರುವುದಿಲ್ಲ. ಅಣ್ಣನಿಗೆ ಬಿದ್ದ ಏಳನೇ ದಿನ ಆಪರೇಷನ್ ಆಯಿತು. ಮಂಡಿಚಿಪ್ಪಿನಲ್ಲಿ ಸಣ್ಣ ರಂಧ್ರ ಕೊರೆದು, ಗಟ್ಟಿ ದಾರದಿಂದ ಟೆಂಡನ್ ಹೆಣೆದು, ಆ ರಂಧ್ರಗಳ ಮೂಲಕ ಎಳೆದು ಕಟ್ಟಿದರು.

ಮುಚ್ಚದ ಬಾಗಿಲು

ಮನೆಗೆ ಬಂದಾಗ ಕಾಲಿಗೆ ತೊಡೆಯಿಂದ ಪಾದದ ಹತ್ತಿರದವರೆಗೆ ಬ್ರೇಸ್. ಮಂಡಿ ಮಡಚದ ಹಾಗೆ ಲಾಕ್. ‘ವಾಕರ್ ಹಿಡಿದು ಕಾಲೂರಬಹುದು, ಆದರೆ ಲಾಕ್ ತೆಗೀಬಾರದು. ಮಲಗುವಾಗಲೂ ಬ್ರೇಸ್ ಇರಲಿ’ ಅಂತ ಡಾಕ್ಟರ್ ಹೇಳಿ ಕಳಿಸಿದ್ದರು.

ನೆಟ್ಟಗಿನ ಕಾಲು ಇಟ್ಟುಕೊಂಡು ಬದುಕುವುದು ಎಂದರೇನು ಅಂತ ನಮ್ಮ ಮನೆಗಳ ಅಳತೆ ನೋಡಿದರೆ ಗೊತ್ತಾಗುತ್ತದೆ. ಅಣ್ಣನ ಬಾತ್‌ರೂಮ್ ಎಷ್ಟು ಚಿಕ್ಕದೆಂದರೆ ಕಮೋಡ್ ಮೇಲೆ ಕೂತು ಕಾಲು ಚಾಚಿದರೆ ಬಾಗಿಲು ಮುಚ್ಚುವುದಿಲ್ಲ. ಅತ್ತಿಗೆ ಬಾಗಿಲಿಗೆ ಹಳೇ ಬೆಡ್‌ಶೀಟ್ ಪರದೆ ಕಟ್ಟಿದರು, ಕಾಲಿಡಲು ಮುಂದೆ ಒಂದು ಪ್ಲಾಸ್ಟಿಕ್ ಸ್ಟೂಲ್. ಕಂಪನಿಯಲ್ಲಿ ಹದಿನೈದು ಜನರ ತಂಡ ನಡೆಸುವ ಅಣ್ಣ, ಆ ಪರದೆಯ ಹಿಂದಿನಿಂದ ‘ಎಲ್ಲರೂ ರೂಮಿಗೆ ಹೋಗಿ’ ಅಂತ ಕೂಗುತ್ತಿದ್ದ. ನಾವು ನಗುತ್ತಿದ್ದೆವು. ಅವನು ನಗುತ್ತಿರಲಿಲ್ಲ ಅನ್ನುವುದು ನಮಗೆ ಸ್ವಲ್ಪ ದಿನ ಕಳೆದ ಮೇಲೆ ಗೊತ್ತಾಯಿತು.

ಮೆಟ್ಟಿಲಿಗೆ ಒಂದು ಸೂತ್ರ ಕಲಿಸಿದ್ದರು: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಅಂದರೆ ಮೈಭಾರ ಎತ್ತುವುದೂ ಇಳಿಸುವುದೂ ಒಳ್ಳೆ ಕಾಲಿನ ಕೆಲಸ. ಅತ್ತಿಗೆ ಅದನ್ನು ಸ್ಕೆಚ್ ಪೆನ್ನಿನಲ್ಲಿ ಬರೆದು ಬಾಗಿಲಿಗೆ ಅಂಟಿಸಿದರು. ಯುಕೆಜಿ ಓದುವ ಮಗಳು ಅದನ್ನು ಶಿಶುಗೀತೆ ಥರ ಬಾಯಿಪಾಠ ಮಾಡಿ, ಅಪ್ಪ ಆಸ್ಪತ್ರೆಗೆ ಹೊರಟಾಗಲೆಲ್ಲ ಹೇಳಿ ಕಳಿಸುತ್ತಿದ್ದಳು.

ಅಮ್ಮನ ಹರಳೆಣ್ಣೆ ಸೀಸೆಗೆ ಫಿಸಿಯೋಥೆರಪಿಸ್ಟ್ ಮೊದಲ ದಿನವೇ ತಡೆ ಹಾಕಿದರು. ಹಸಿ ಗಾಯದ ಹತ್ತಿರ ಎಣ್ಣೆಯೂ ಬೇಡ, ಹೊಲಿದ ಜಾಗ ನೀವುವುದೂ ಬೇಡ. ಅಮ್ಮನಿಗೆ ಬೇಜಾರಾಯಿತು. ‘ಅಮ್ಮಾ, ನಿಮಗೆ ಬೇರೆ ಕೆಲಸ ಇದೆ. ಅವರಿಗೆ ದಿನಾ ಪ್ರೋಟೀನ್ ಚೆನ್ನಾಗಿ ಸಿಗಬೇಕು, ಶುಗರ್ ಹತೋಟಿಯಲ್ಲಿರಬೇಕು. ಅದು ನಿಮ್ಮ ಜವಾಬ್ದಾರಿ’ ಅಂದರು ಅವರು. ಅಲ್ಲಿಂದ ಹುರಳಿಕಟ್ಟಿನ ಸಾರು, ಮೊಟ್ಟೆ, ಮೊಳಕೆಕಾಳಿನ ಪಲ್ಯ, ಮಜ್ಜಿಗೆ ತಪ್ಪದೇ ಬಂತು. ಭಾನುವಾರ ಕಾಲು ಸೂಪ್ ಕೂಡ. ಸೂಪಿಗೆ ಟೆಂಡನ್ ಹೊಲಿಯುವ ಶಕ್ತಿ ಏನಿಲ್ಲ, ಆದರೆ ಅಮ್ಮನ ಮುಖ ಅರಳಿತು.

ವ್ಯಾಯಾಮ ಅಂದರೆ ಮೊದಲು ಪಾದವನ್ನು ಮೇಲೆ ಕೆಳಗೆ ಆಡಿಸುವುದು, ರಕ್ತ ಹೆಪ್ಪುಗಟ್ಟದಿರಲಿ ಅಂತ. ಆಮೇಲೆ ಮಲಗಿದಲ್ಲೇ ತೊಡೆ ಬಿಗಿ ಮಾಡುವುದು. ಕೇಳಲು ಇಷ್ಟೇ. ಅಣ್ಣ ಹಲ್ಲು ಕಚ್ಚಿ ಬಿಗಿ ಮಾಡಿದರೂ ತೊಡೆ ಅಲುಗುತ್ತಿರಲಿಲ್ಲ. ಮಂಡಿಗೆ ಪೆಟ್ಟು ಬಿದ್ದು ಊದಿಕೊಂಡಾಗ ನರಮಂಡಲವೇ ಈ ಸ್ನಾಯುವಿಗೆ ಹೋಗುವ ಸಂದೇಶವನ್ನು ತಗ್ಗಿಸುತ್ತದಂತೆ. ಮೆದುಳು ಕರೆ ಮಾಡುತ್ತಿದೆ, ತೊಡೆ ಫೋನ್ ಎತ್ತುತ್ತಿಲ್ಲ! ಸಣ್ಣ ವಿದ್ಯುತ್ ಪ್ಯಾಡ್ ಅಂಟಿಸಿ ಸ್ನಾಯುವನ್ನು ಎಬ್ಬಿಸಬೇಕಾಯಿತು. ನಾಲ್ಕನೇ ವಾರ ಅತ್ತಿಗೆ ಟೈಲರಿಂಗ್ ಟೇಪ್ ತಂದು ಎರಡೂ ತೊಡೆ ಅಳೆದರು. ಬಲತೊಡೆ ನಾಲ್ಕು ಸೆಂಟಿಮೀಟರ್ ಕಡಿಮೆ.

‘ರಾಹುಲ್‌ಗೆ ನಾಲ್ಕೇ ತಿಂಗಳು’

ನೋಡಲು ಬಂದ ಆಫೀಸಿನವರೆಲ್ಲ ಒಂದೇ ಹೆಸರು ಹೇಳುತ್ತಿದ್ದರು. ‘ಕೆ.ಎಲ್. ರಾಹುಲ್‌ಗೂ ಇದೇ ಅಲ್ವಾ ಆಗಿದ್ದು? ನಾಲ್ಕೇ ತಿಂಗಳಲ್ಲಿ ಸೆಂಚುರಿ ಹೊಡೆದ!’

ಮಾತು ಸುಳ್ಳಲ್ಲ. 2023ರ ಮೇ 1ರಂದು ಲಖನೌದಲ್ಲಿ ಆರ್‌ಸಿಬಿ ವಿರುದ್ಧದ ಐಪಿಎಲ್ ಪಂದ್ಯದಲ್ಲಿ, ಬೌಂಡರಿ ಕಡೆ ಹೋಗುತ್ತಿದ್ದ ಚೆಂಡಿನ ಹಿಂದೆ ಓಡಿದ ನಮ್ಮ ರಾಹುಲ್ ಬಲತೊಡೆ ಹಿಡಿದುಕೊಂಡು ಬಿದ್ದರು. ಟೆಂಡನ್ ಪೂರ್ತಿ ಹರಿದಿತ್ತೆಂದು ಆಮೇಲೆ ಅವರೇ ಹೇಳಿಕೊಂಡರು. ಶಸ್ತ್ರಚಿಕಿತ್ಸೆಯ ನಂತರ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಯಾರಿ. ಸೆಪ್ಟೆಂಬರ್ 10ರಂದು ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಏಷ್ಯಾ ಕಪ್ ಪಂದ್ಯಕ್ಕೆ ಮರಳಿದರು. ಮಳೆಯಿಂದ ಮರುದಿನಕ್ಕೆ ಮುಂದುವರಿದ ಆ ಪಂದ್ಯದಲ್ಲಿ ಔಟಾಗದೆ 111 ರನ್ ಗಳಿಸಿ, ವಿಕೆಟ್ ಕೀಪಿಂಗೂ ಮಾಡಿದರು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. 2024ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಹೈದರಾಬಾದ್ ಟೆಸ್ಟ್‌ನಲ್ಲಿ 86 ರನ್ ಹೊಡೆದ ಮೇಲೆ ಅದೇ ಬಲತೊಡೆಯ ನೋವು ಕಾಣಿಸಿಕೊಂಡು, ಸರಣಿಯ ಉಳಿದ ನಾಲ್ಕೂ ಟೆಸ್ಟ್ ತಪ್ಪಿಸಿಕೊಂಡರು. ಅವರಿಗೆ ಚೇತರಿಕೆಯೇ ದಿನವಿಡೀ ಕೆಲಸ, ಪಕ್ಕದಲ್ಲಿ ತಜ್ಞರ ತಂಡ, ಆಗ ವಯಸ್ಸು 31. ಇಷ್ಟೆಲ್ಲ ಇದ್ದವರ ದಾರಿಯೂ ಒಂದೇ ಸಮನೆ ಮೇಲಕ್ಕೆ ಹೋಗಲಿಲ್ಲ. ನಮ್ಮಣ್ಣನಿಗೆ ಶುಗರ್ ಇದೆ, ಎರಡನೇ ಮಹಡಿ ಇದೆ, ಬೆಳಗ್ಗೆ ಒಂಬತ್ತೂವರೆಗೆ ಮೀಟಿಂಗ್ ಇದೆ. ಟೆಂಡನ್ ಎಲ್ಲಿ ಹರಿದಿದೆ, ಎಷ್ಟು ಹರಿದಿದೆ, ಹೊಲಿಗೆ ಹೇಗಿದೆ ಎಂಬುದರ ಮೇಲೆ ಪ್ರತಿಯೊಬ್ಬರ ಲೆಕ್ಕವೂ ಬೇರೆ. ಪಕ್ಕದವರ ಕ್ಯಾಲೆಂಡರ್ ತಂದು ನಮ್ಮ ಗೋಡೆಗೆ ಹಾಕಿಕೊಂಡರೆ ಹಬ್ಬ ಮಾತ್ರ ತಪ್ಪುತ್ತದೆ.

ಏಳನೇ ವಾರ

ಹೊಲಿಗೆ ಬಿಚ್ಚಿದ ಮೇಲೆ ಬ್ರೇಸ್‌ನ ಲಾಕ್ ಸ್ವಲ್ಪ ಸ್ವಲ್ಪ ಸಡಿಲಿಸಿ, ವ್ಯಾಯಾಮದ ಹೊತ್ತಿನಲ್ಲಿ ಮಾತ್ರ ಮಂಡಿ ಮಡಚಿಸುತ್ತಾ ಬಂದರು. ಆರು ವಾರ ಮುಗಿಯುವಾಗ ಹತ್ತಿರ ಹತ್ತಿರ 90 ಡಿಗ್ರಿ ಬಂತು. ನೋವಿನ ಮಾತ್ರೆ ನಿಂತು ಆಗಲೇ ಮೂರು ವಾರವಾಗಿತ್ತು. ಊತ ಇಳಿದಿತ್ತು. ಗಾಯದ ಗೆರೆ ಒಣಗಿ ತೆಳ್ಳಗಾಗಿತ್ತು.

ಗೌರಿ-ಗಣೇಶ ಹಬ್ಬ ಹತ್ತಿರ ಬಂತು. ‘ನೋವೇ ಇಲ್ಲ ಕಣೆ. ಈ ಬ್ರೇಸ್ ಇನ್ನು ಸಾಕು. ಹಾಸನಕ್ಕೆ ನಾನೇ ಕಾರ್ ಓಡಿಸ್ತೀನಿ’ ಅಂದ ಅಣ್ಣ. ಅತ್ತಿಗೆ ಬೇಡ ಅಂದರು. ಅಮ್ಮ, ‘ಹಬ್ಬಕ್ಕೆ ತಾನೇ, ನಿಧಾನಕ್ಕೆ ಹೋದರಾಯ್ತು’ ಅಂದಳು. ಮನೆಯಲ್ಲಿ ಎರಡು ಪಕ್ಷ. ಒಂದು ಸಂಜೆ ಅತ್ತಿಗೆ ಬ್ಯಾಂಕಿನಿಂದ ಬರುವಷ್ಟರಲ್ಲಿ ಅಣ್ಣ ಬ್ರೇಸ್ ಬಿಚ್ಚಿ ಸೋಫಾ ಮೇಲಿಟ್ಟು, ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅತ್ತಿಗೆ ಕೂಗಾಡಲಿಲ್ಲ. ‘ನೀವು ಬಿದ್ದರೆ ಮತ್ತೆ ಮೊದಲಿಂದ ನನ್ನ ಕೈಲಿ ಆಗಲ್ಲ’ ಅಂದರು, ಅಷ್ಟೇ. ಅಣ್ಣ ಕೀ ಕೆಳಗಿಟ್ಟ. ಎರಡು ದಿನ ಇಬ್ಬರಿಗೂ ಮಾತಿಲ್ಲ.

ಜಗಳ ಬಿಡಿಸಿದ್ದು ಫಿಸಿಯೋಥೆರಪಿಸ್ಟ್. ಅಣ್ಣನನ್ನು ಮಂಚದ ಅಂಚಿಗೆ ಕೂರಿಸಿ, ‘ಕಾಲನ್ನ ನಿಧಾನವಾಗಿ ಪೂರ್ತಿ ನೆಟ್ಟಗೆ ಮಾಡಿ ಸರ್’ ಅಂದರು. ಕಾಲು ಮೇಲೆ ಬಂತು, ಬಂತು, ಕೊನೆಯ ಸ್ವಲ್ಪ ಉಳಿಯಿತು. ಅಲ್ಲೇ ನಡುಗುತ್ತಾ ನಿಂತುಬಿಟ್ಟಿತು. ಅವರು ತಮ್ಮ ಅಂಗೈ ಕೊಟ್ಟು ಎತ್ತಿದರೆ ಪೂರ್ತಿ ನೆಟ್ಟಗಾಗುತ್ತದೆ, ಕೈ ಬಿಟ್ಟರೆ ಮತ್ತೆ ಜಾರುತ್ತದೆ.

‘ನೋಡಿದ್ರಾ? ಈ ಕೊನೆ ಇಪ್ಪತ್ತು ಡಿಗ್ರಿ ಇನ್ನೂ ನಿಮ್ಮ ಕೈಲಿಲ್ಲ. ಮೆಟ್ಟಿಲಲ್ಲಿ ಕಾಲು ಕುಸಿಯೋದು ಇದರಿಂದಲೇ. ಬ್ರೇಕ್ ಒತ್ತುವಾಗ ಈ ಕಾಲು ಮಾತು ಕೇಳತ್ತೆ ಅಂತ ಏನು ಗ್ಯಾರಂಟಿ?’

ಆಮೇಲೆ ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಚರ್ಮಕ್ಕೆ ಹೋಲಿಸಿದರೆ ಟೆಂಡನ್‌ಗೆ ರಕ್ತದ ಹರಿವು ಕಡಿಮೆ, ಹಾಗಾಗಿ ಅದು ಮಾಗುವುದೂ ನಿಧಾನ. ಹರಿದ ಜಾಗದಲ್ಲಿ ಮೊದಲ ವಾರಗಳಲ್ಲಿ ದೇಹ ಅವಸರದಲ್ಲಿ ಹೊಸ ಎಳೆ ನೇಯುತ್ತದೆ. ಅವು ತೆಳು, ದಿಕ್ಕಿಲ್ಲದೆ ಹರಡಿಕೊಂಡಿರುತ್ತವೆ. ತಿಂಗಳುಗಟ್ಟಲೆ ಹದವಾಗಿ ಭಾರ ಬಿದ್ದ ಮೇಲೆ ಅವು ಎಳೆತದ ದಿಕ್ಕಿಗೆ ಸಾಲಾಗಿ ಕೂತು ದಪ್ಪವಾಗುತ್ತವೆ. ಈ ಕೆಲಸ ವರ್ಷದವರೆಗೂ ನಡೆಯುತ್ತದೆ. ಊತ ಇಳಿದ ತಕ್ಷಣ ನೋವು ಹೋಗುತ್ತದೆ, ಒಳಗಿನ ನೇಯ್ಗೆ ಆಗಿನ್ನೂ ಶುರುವಾಗಿರುತ್ತದೆ. ಭಾರವೇ ಹಾಕದಿದ್ದರೆ ಎಳೆ ಗಟ್ಟಿಯಾಗುವುದಿಲ್ಲ, ಒಮ್ಮೆಲೇ ಹಾಕಿದರೆ ಹೊಲಿಗೆ ಸಡಿಲವಾಗಬಹುದು, ಮತ್ತೆ ಹರಿಯಲೂಬಹುದು. ಅದಕ್ಕೇ ವಾರಕ್ಕೆ ಇಷ್ಟು ಅಂತ ಅಳೆದು ಕೊಡುವುದು.

ಆ ವರ್ಷ ಹಬ್ಬ ಬೆಂಗಳೂರಿನಲ್ಲೇ ಆಯಿತು. ಕಡುಬನ್ನು ಅಮ್ಮ ಇಲ್ಲೇ ಮಾಡಿದಳು.

ಯಾರೂ ಬರದ ತಿಂಗಳುಗಳು

ಮೊದಲ ತಿಂಗಳು ಮನೆ ತುಂಬ ಜನ. ಮೂರನೇ ತಿಂಗಳಿಗೆ ಯಾರೂ ಇಲ್ಲ. ಬ್ರೇಸ್ ಹೋಗಿದೆ, ಕುಂಟು ಕಡಿಮೆಯಾಗಿದೆ, ನೋಡುವವರ ಕಣ್ಣಿಗೆ ಅಣ್ಣ ಆರಾಮ. ನಿಜವಾದ ದುಡಿಮೆ ಶುರುವಾದದ್ದು ಆಗಲೇ. ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪವೇ ಬಗ್ಗುವುದು, ಗಿಡ್ಡ ಮಣೆ ಹತ್ತಿ ಇಳಿಯುವುದು, ಸ್ಟ್ಯಾಟಿಕ್ ಸೈಕಲ್. ದಿನಾ ಅದೇ, ದಿನಾ ಅಷ್ಟೇ. ವಾರಕ್ಕೆ ಒಂದು ಕೂದಲೆಳೆಯಷ್ಟು ಸುಧಾರಣೆ.

ಆ ಸಮಯದಲ್ಲೇ ಅಣ್ಣ ಮಂಕಾದ. ಫೋನ್ ಎತ್ತುತ್ತಿರಲಿಲ್ಲ. ಮಗಳು ‘ಎತ್ಕೋ ಅಪ್ಪಾ’ ಅಂದರೆ ಮುಖ ತಿರುಗಿಸುತ್ತಿದ್ದ. ‘ವ್ಯಾಯಾಮ ಮಾಡಿದ್ಯಾ’ ಅಂತ ದಿನಾ ಕೇಳುವ ನಮ್ಮ ಪ್ರೀತಿ ಅವನಿಗೆ ಹಾಜರಿ ಕರೆದ ಹಾಗೆ ಕೇಳಿಸುತ್ತಿತ್ತು. ಅತ್ತಿಗೆ ಕೇಳುವುದು ಬಿಟ್ಟರು. ಬದಲಿಗೆ ಸಂಜೆ ಏಳಕ್ಕೆ ಅವರೂ ಪಕ್ಕದಲ್ಲಿ ಚಾಪೆ ಹಾಸಿ ಅದೇ ವ್ಯಾಯಾಮ ಶುರು ಮಾಡಿದರು. ಮಗಳು ಎಣಿಸುವುದು, ಇವರಿಬ್ಬರು ಕಾಲೆತ್ತುವುದು. ಆಸ್ಪತ್ರೆಯ ಕಾಗದದಲ್ಲಿ ಬರೆಯದ ಈ ಔಷಧಿ ಹೆಚ್ಚು ಕೆಲಸ ಮಾಡಿತು ಅಂತ ನನ್ನ ನಂಬಿಕೆ.

ಕೆಲಸದ ವಿಷಯದಲ್ಲಿ ಅಣ್ಣ ಒಂದು ಜಾಣತನ ಮಾಡಿದ. ‘ಬೇಗ ಬರ್ತೀನಿ’ ಅನ್ನದೆ, ಡಾಕ್ಟರ್ ಕೊಟ್ಟ ವೇಳಾಪಟ್ಟಿಯನ್ನೇ ಮ್ಯಾನೇಜರ್‌ಗೆ ಕಳಿಸಿದ. ಎರಡು ವಾರ ಪೂರ್ತಿ ರಜೆ, ಆಮೇಲೆ ಕಾಲು ಚಾಚಿಕೊಂಡು ಮನೆಯಿಂದ ಕೆಲಸ, ಮೂರನೇ ತಿಂಗಳಿಂದ ವಾರಕ್ಕೆ ಎರಡು ದಿನ ಆಫೀಸ್. ಕಂಪನಿಗೂ ಯೋಜನೆ ಹಾಕಲು ಅನುಕೂಲವಾಯಿತು, ಇವನ ತಲೆ ಮೇಲಿನ ಒತ್ತಡವೂ ಇಳಿಯಿತು.

ಇದು ಒಂಬತ್ತನೇ ತಿಂಗಳು. ಅಣ್ಣ ಕಾರು ಓಡಿಸುತ್ತಾನೆ, ಎರಡು ಮಹಡಿ ಹತ್ತಿ ಇಳಿಯುತ್ತಾನೆ, ಪಾರ್ಕಿನಲ್ಲಿ ಮೂರು ಸುತ್ತು ನಿಧಾನಕ್ಕೆ ಓಡುತ್ತಾನೆ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು ಇನ್ನೂ ಕಷ್ಟ. ಬಲತೊಡೆ ಇನ್ನೂ ಒಂದೂವರೆ ಸೆಂಟಿಮೀಟರ್ ಸಣ್ಣದು. ಭಾನುವಾರದ ಕ್ರಿಕೆಟ್‌ಗೆ ಡಾಕ್ಟರ್ ಇನ್ನೂ ಒಪ್ಪಿಲ್ಲ, ಎರಡೂ ಕಾಲಿನ ಬಲ ಅಳೆದು ನೋಡಿ ಹೇಳುತ್ತೇನೆ ಅಂದಿದ್ದಾರೆ.

ನಿಮ್ಮ ಮನೆಗೆ ಇದು ಬಂದರೆ

• ಬಿದ್ದವರಿಗೆ ‘ಟಪ್’ ಸದ್ದು ಕೇಳಿಸಿ, ಮಂಡಿ ಮಡಚದೆ ಕಾಲೆತ್ತಲು ಆಗದಿದ್ದರೆ, ಎಕ್ಸ್-ರೇ ಚೆನ್ನಾಗಿದ್ದರೂ ಮೂಳೆ ತಜ್ಞರಿಗೆ ತೋರಿಸಿ. ಒಂದು ವಾರ ಕಾಯಬೇಡಿ.

• ಡಿಸ್ಚಾರ್ಜ್‌ಗೆ ಮೊದಲೇ ಬಾತ್‌ರೂಮ್ ಅಳತೆ ನೋಡಿ. ಕಮೋಡ್ ಪಕ್ಕ ಹಿಡಿಕೆ, ಜಾರದ ಮ್ಯಾಟ್, ಕಾಲಿಡಲು ಸ್ಟೂಲ್ ಸಿದ್ಧವಿರಲಿ. ಕಾಲ್ಚೀಲದಲ್ಲಿ ನಡೆಯಬಾರದು.

• ಬ್ರೇಸ್ ಯಾವಾಗ ತೆಗೆಯಬೇಕು, ಎಷ್ಟು ಡಿಗ್ರಿ ಮಡಚಬೇಕು, ಯಾವಾಗ ಗಾಡಿ ಓಡಿಸಬೇಕು ಅನ್ನುವುದನ್ನು ನಿಮ್ಮ ಸರ್ಜನ್ ಹತ್ತಿರ ಬರೆಸಿಕೊಳ್ಳಿ. ಯೂಟ್ಯೂಬ್ ನೋಡಿ ವ್ಯಾಯಾಮ ಸೇರಿಸಬೇಡಿ.

• ಮೀನಖಂಡ ಊದಿ ನೋಯುವುದು, ಜ್ವರ, ಗಾಯದಿಂದ ಕೀವು, ಮತ್ತೆ ‘ಟಪ್’ ಅಂದು ಕಾಲು ಎತ್ತಲಾಗದಿರುವುದು: ಯಾವುದೇ ಕಂಡರೂ ಅದೇ ದಿನ ಡಾಕ್ಟರ್‌ಗೆ ಹೇಳಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆನೋವು ಬಂದರೆ ಸೀದಾ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

• ಬೀಡಿ, ಸಿಗರೇಟ್ ಇದ್ದರೆ ನಿಲ್ಲಿಸಿ, ಗಾಯ ಮಾಗುವುದನ್ನು ಅದು ತಡ ಮಾಡುತ್ತದೆ. ಶುಗರ್ ಇದ್ದರೆ ಹತೋಟಿಯಲ್ಲಿಡಿ.

• ನೋಡಿಕೊಳ್ಳುವವರಿಗೂ ವಾರಕ್ಕೊಂದು ಸಂಜೆ ಬಿಡುವು ಕೊಡಿ. ನೋಡಲು ಹೋಗುವವರು ಮೊದಲ ವಾರದ ಗದ್ದಲದಲ್ಲಿ ಹೋಗುವ ಬದಲು ಮೂರನೇ ತಿಂಗಳಲ್ಲಿ ಹೋಗಿ, ಒಂದು ಗಂಟೆ ಕೂತು ಬನ್ನಿ.

ಅಂದ ಹಾಗೆ, ಅಣ್ಣನ ಬಿಲ್ಡಿಂಗಿನ ಮಾಲೀಕರು ಈಗ ಮೆಟ್ಟಿಲಿಗೆ ಕರೆಂಟ್ ಹೋದರೂ ಉರಿಯುವ ಬಲ್ಬ್ ಹಾಕಿಸಿದ್ದಾರೆ, ಕೊನೆಯ ಮೆಟ್ಟಿಲ ಅಂಚಿಗೆ ಹಳದಿ ಬಣ್ಣ ಬಳಿಸಿದ್ದಾರೆ. ಖರ್ಚು ಸಾವಿರ ರೂಪಾಯಿಯೂ ಆಗಿಲ್ಲ. ನಿಮ್ಮ ಮೆಟ್ಟಿಲಿಗೆ ಆ ಹಳದಿ ಗೆರೆ ಇದೆಯಾ ಅಂತ ಇವತ್ತು ಮನೆಗೆ ಹೋಗುವಾಗ ಒಮ್ಮೆ ನೋಡಿ.